ನಾಲ್ಕನೇ ಗಾಜು

ಶಾಂತಿ ಆ ಗಾಜಿನ ಚೂರನ್ನು ಮೂರು ಸಲ ಅಳೆದಳು. ಮೂರು ಸಲವೂ ಬಂದಿದ್ದು ಹದಿಮೂರು ಪಾಯಿಂಟ್ ಒಂಬತ್ತೇ.

ಒಂದಂಗುಲ ಉದ್ದ, ಒಂದಂಗುಲ ಅಗಲದ ಗಾಜು. ಅದರ ಮೇಲೆ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗಿನ ನೀಲಿ ಪದರ. ಬೆಳಕು ಬಿದ್ದರೆ ಆ ಪದರ ಕರೆಂಟು ಕೊಡುತ್ತದೆ. ಮನೆಗಳ ತಾರಸಿ ಮೇಲೆ ಕಾಣುವ ಸೋಲಾರ್ ಪ್ಯಾನೆಲ್‌ಗಳು ಸಿಲಿಕಾನ್‌ನವು. ಇದು ಇಂಗಾಲದ ಸಂಯುಕ್ತಗಳಿಂದ ಮಾಡಿದ್ದು, ಸಾವಯವ ಸೌರಕೋಶ. ಶಾಯಿಯ ಹಾಗೆ ಕರಗಿಸಿ ಹಚ್ಚಬಹುದು. ಮುಂದೊಂದು ದಿನ ಪ್ಲಾಸ್ಟಿಕ್ ಹಾಳೆಯ ಮೇಲೂ, ಬಟ್ಟೆಯ ಮೇಲೂ ಅಚ್ಚು ಹಾಕಬಹುದು. ಆದರೆ ಬಿದ್ದ ಬೆಳಕಿನಲ್ಲಿ ಕರೆಂಟಾಗುವ ಪಾಲು ಕಡಿಮೆ. ಹೊರದೇಶದ ದೊಡ್ಡ ಪ್ರಯೋಗಾಲಯಗಳು ದುಬಾರಿ ವಸ್ತು ಬಳಸಿ ನೂರಕ್ಕೆ ಹತ್ತೊಂಬತ್ತು ದಾಟಿಸಿದ್ದವು. ಚಿತ್ರದುರ್ಗದ ಹೊರಗೆ, ಹೊಳಲ್ಕೆರೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಈ ಸಣ್ಣ ಲ್ಯಾಬಿನಲ್ಲಿ ತಾವೇ ತಯಾರಿಸಿದ ಅಗ್ಗದ ಪುಡಿಯಿಂದ ನಾಲ್ಕು ವರ್ಷ ಏನೆಲ್ಲ ಮಾಡಿದರೂ ಹನ್ನೆರಡರ ಆಸುಪಾಸು ಬಿಟ್ಟು ಮೇಲೆ ಹೋಗಿರಲಿಲ್ಲ.

ಮಾರ್ಚಿಗೆ ಯೋಜನೆ ಮುಗಿಯುವುದಿತ್ತು. ಹಳೆಯ ಗಾಜುಗಳನ್ನೆಲ್ಲ ಕೊನೇ ಸಲ ಅಳೆದು ವಿಲೇವಾರಿ ಮಾಡಿ ಎಂದು ಪ್ರೊಫೆಸರ್ ಶ್ರೀನಿವಾಸ್ ಹೇಳಿದ್ದರು. ಗಾಳಿ, ಬೆಳಕು ತಾಗದ ಪೆಟ್ಟಿಗೆಯಲ್ಲಿ ಇಟ್ಟಿದ್ದರೂ ಎರಡು ವರ್ಷಕ್ಕೆ ಬಹುತೇಕ ಎಲ್ಲವೂ ಒಂಬತ್ತಕ್ಕೋ ಎಂಟಕ್ಕೋ ಇಳಿದಿದ್ದವು. ಇದೊಂದು ಮಾತ್ರ ಹೀಗೆ. ಶಾಂತಿ ಗಾಜನ್ನು ಚಿಮಟದಲ್ಲಿ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಅವಳದೇ ಅಕ್ಷರ: ಡಿಸೆಂಬರ್ 14, ಗಾಜು 4.

ತಾರೀಖು ನೋಡಿದವಳು ಚಿಮಟವನ್ನು ಮೆಲ್ಲಗೆ ಕೆಳಗಿಟ್ಟಳು.

ಎರಡು ವರ್ಷದ ಹಿಂದಿನ ಆ ದಿನದ ನೋಟ್‌ಬುಕ್ ತೆಗೆದಳು. ಒಂದು, ಎರಡು, ಮೂರನೇ ಗಾಜುಗಳಿಗೆ ದ್ರಾವಣ ಹಚ್ಚಿದ ಸಮಯ, ಕಾಯಿಸಿದ ಸಮಯ, ಎಲ್ಲ ಸಾಲಾಗಿ ಇತ್ತು. ನಾಲ್ಕನೆಯದಕ್ಕೆ "ಹಚ್ಚಿದ್ದು 3.22" ಎಂದಷ್ಟೇ. ಉಳಿದ ಮನೆಗಳು ಖಾಲಿ. ಮಾರನೇ ದಿನ ಅಳೆದಾಗ 14.6 ಬಂದಿದ್ದನ್ನು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಲಾಗಿತ್ತು. ಅಳೆಯುವ ದೀಪದಲ್ಲಿ ಏನೋ ದೋಷ ಇರಬೇಕು ಬಿಡಿ ಎಂದಿದ್ದರು ಶ್ರೀನಿವಾಸ್. ಆ ವಾರ ಯಾರೊಂದಿಗೂ ವಾದಿಸುವ ಸ್ಥಿತಿಯಲ್ಲಿ ಶಾಂತಿ ಇರಲಿಲ್ಲ.

ಈಗ ಶ್ರೀನಿವಾಸ್ ಕನ್ನಡಕವನ್ನು ಹಣೆಗೇರಿಸಿ ಗಾಜನ್ನೂ ನೋಟ್‌ಬುಕ್ಕನ್ನೂ ಬಹಳ ಹೊತ್ತು ನೋಡಿದರು. ಹಿರಿಯೂರು ಕಡೆಯವರು, ಮಾತು ಕಡಿಮೆ.

"ಆವತ್ತು ಏನ್ರೀ ಮಾಡಿದ್ರಿ ಇದಕ್ಕೆ?"

"ಬೇರೆ ಏನೂ ಇಲ್ಲ ಸರ್. ಹಚ್ಚಿ, ತಟ್ಟೇಲಿಟ್ಟು ಮುಚ್ಚಳ ಮುಚ್ಚಿದ್ದೆ. ಅಷ್ಟೊತ್ತಿಗೆ ಒಂದು ಫೋನ್ ಬಂತು. ಹೊರಗೆ ಹೋಗಿದ್ದೆ. ವಾಪಸ್ ಬಂದು ಕಾಯಿಸಿದೆ."

"ತಟ್ಟೇಲಿ ದ್ರಾವಕ ಉಳಿದಿತ್ತಾ?"

"ನಾಲ್ಕು ಹನಿ ಚೆಲ್ಲಿತ್ತು ಅನ್ಸುತ್ತೆ."

ಶ್ರೀನಿವಾಸ್ ಎದ್ದು ನಿಂತರು. "ಅದರ ಆವಿ ಒಳಗೇ ನಿಂತಿದೆ. ಪದರ ನಿಧಾನಕ್ಕೆ ಆರಿದೆ. ನಾವು ಪ್ರತಿ ಸಲ ಬೇಗ ಬೇಗ ಒಣಗಿಸ್ತಿದ್ವಿ ಕಣ್ರೀ! ಪದರದಲ್ಲಿರೋ ಎರಡು ವಸ್ತುಗಳೂ ತಂತಮ್ಮ ಜಾಗ ಹುಡುಕಿಕೊಳ್ಳೋಕೆ ಪುರುಸೊತ್ತೇ ಕೊಟ್ಟಿಲ್ಲ." ಆಮೇಲೆ ಅವಳತ್ತ ತಿರುಗಿದರು. "ಎಷ್ಟೊತ್ತು ಮುಚ್ಚಿತ್ತು?"

"ಇಪ್ಪತ್ತು ನಿಮಿಷ ಇರಬೇಕು ಸರ್."

ಹತ್ತು ನಿಮಿಷದಿಂದ ಎರಡು ಗಂಟೆಯವರೆಗೆ ಒಂದೊಂದಾಗಿ ಪರೀಕ್ಷಿಸಿ ನೋಡಬಹುದಿತ್ತು. ಆದರೆ ಆ ನೀಲಿ ಪುಡಿ ತಯಾರಿಸಲು ಎರಡು ತಿಂಗಳು ಬೇಕು, ಮತ್ತು ಯೋಜನೆಗೆ ಉಳಿದಿದ್ದೇ ಎರಡು ತಿಂಗಳು. ಬಾಟಲಿಯ ತಳದಲ್ಲಿ ಇದ್ದದ್ದು ನಾಲ್ಕು ಗಾಜಿಗಾಗುವಷ್ಟು. ಶಾಂತಿ ಎರಡನ್ನು ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ಮಾಡಿದಳು. ಒಂದು 12.3 ಕೊಟ್ಟಿತು, ಇನ್ನೊಂದು 12.6.

"ಇಪ್ಪತ್ತಲ್ಲ," ಎಂದರು ಶ್ರೀನಿವಾಸ್. "ಫೋನಲ್ಲಿ ದಾಖಲೆ ಇಲ್ವಾ?"

"ಆ ಫೋನ್ ಹಾಳಾಯ್ತು ಸರ್. ಕಂಪನಿಯವರನ್ನೂ ಕೇಳ್ದೆ. ಅಷ್ಟು ಹಳೇದು ಕೊಡಕ್ಕಾಗಲ್ಲ ಅಂದ್ರು."

"ಹಾಗಾದ್ರೆ ಯಾರ ಹತ್ರ ಮಾತಾಡಿದ್ರೋ ಅವರನ್ನೇ ಕೇಳಿ ನೋಡ್ರಿ. ನೆನಪಿದ್ರೂ ಇರಬಹುದು."

ಸರಿ ಸರ್ ಎಂದಳು ಶಾಂತಿ. ಅವತ್ತು ಫೋನ್ ಮಾಡಿದವನು ಆಗಿನ್ನೂ ಗಂಡನಾಗಿದ್ದ ತಿಮ್ಮೇಶ್, ಮಾಡಿದ್ದು ಬೇರೆಯಾಗೋಣ ಎಂದು ಹೇಳುವುದಕ್ಕೆ. ಇದು ಶ್ರೀನಿವಾಸರಿಗೆ ಗೊತ್ತಿರಲಿಲ್ಲ. ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹುಮೇರಾ ಹಬ್ಬದ ರಜೆ ಮುಗಿಸಿ ಬಂದಾಗಲೆಲ್ಲ, "ಭಾವ ಬಂದಿದ್ರಾ ಶಾಂತಕ್ಕ?" ಎಂದು ಕೇಳುತ್ತಿದ್ದಳು. ಶಾಂತಿ "ಹ್ಞೂಂ" ಎನ್ನುತ್ತಿದ್ದಳು. ಮೊದಲನೇ ಸಲ ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಆ "ಹ್ಞೂಂ" ತಾನಾಗಿಯೇ ಬರತೊಡಗಿತು. ಎರಡು ವರ್ಷ ಹಾಗೇ ಹೋಯಿತು.

ಆಗ ಮದುವೆಯಾಗಿ ಏಳು ವರ್ಷವಾಗಿತ್ತು. ತಿಮ್ಮೇಶನದು ಭರಮಸಾಗರದಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಅವಳು ಹೊಸದುರ್ಗದ ಹತ್ತಿರದ ಬಾಗೂರಿನವಳು, ಎಂ.ಎಸ್ಸಿ. ಮಾಡಿದವಳು. ಸಂಶೋಧನೆಗೆ ಸೇರಿದ ಹೊಸತರಲ್ಲಿ ದಿನಾ ಬಸ್ಸಿನಲ್ಲಿ ಓಡಾಡಿದಳು. ರಾತ್ರಿ ಒಂಬತ್ತಾಗುತ್ತಿತ್ತು. ಆಮೇಲೆ ದುರ್ಗದಲ್ಲೇ ಕೆಂಚಕ್ಕ ಎಂಬಾಕೆಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ಶನಿವಾರ ಶನಿವಾರ ಭರಮಸಾಗರಕ್ಕೆ ಹೋಗುತ್ತಿದ್ದಳು. ಬರಬರುತ್ತ ಶನಿವಾರ ಬಿಟ್ಟು ಶನಿವಾರವಾಯಿತು. ಒಮ್ಮೆ ಹೋದಾಗ ತಿಮ್ಮೇಶ್ ಒಬ್ಬನೇ ಅಡುಗೆ ಮಾಡಿಕೊಂಡು, ಒಬ್ಬನೇ ಉಂಡು, ತಟ್ಟೆ ತೊಳೆದಿಡುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದಳು. ಅವಳಿಗೆ ತಾನು ನೆಂಟರ ಮನೆಗೆ ಬಂದಂತಾಗಿತ್ತು. ಅವರ ನಡುವೆ ಜಗಳವೇ ಆಗಿರಲಿಲ್ಲ. ಆಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು.

ಡಿಸೆಂಬರಿನ ಆ ಗುರುವಾರದ ಫೋನಿನ ಬಗ್ಗೆ ಅವಳ ಮನಸ್ಸಿನಲ್ಲಿ ಉಳಿದದ್ದು ಒಂದೇ ವಿಷಯ. ಏಳು ವರ್ಷದ ಸಂಸಾರವನ್ನು ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಫೋನ್ ಇಟ್ಟ. ಕೋರ್ಟಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಸಹಿ ಹಾಕಿದಾಗಲೂ ಅವಳು ಅದನ್ನೇ ನೆನೆಯುತ್ತಿದ್ದಳು. ಇಪ್ಪತ್ತೇ ನಿಮಿಷ!

ಅವನ ನಂಬರನ್ನು ಮೂರು ದಿನ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದಳು. ನಾಲ್ಕನೇ ದಿನ ರಜೆ ಹಾಕಿ ದಾವಣಗೆರೆ ಕಡೆಯ ಬಸ್ಸು ಹತ್ತಿದಳು.

ಭರಮಸಾಗರದಲ್ಲಿ ಇಳಿದಾಗ ಹನ್ನೆರಡು ದಾಟಿತ್ತು. ಎರಡು ವರ್ಷದಿಂದ ಅವಳು ಆ ಊರಿಗೆ ಕಾಲಿಟ್ಟಿರಲಿಲ್ಲ. ಕೆರೆ ತುಂಬಿತ್ತು. ಪರಿಚಯದ ಮುಖ ಎದುರಾದೀತೆಂದು ತಲೆ ತಗ್ಗಿಸಿಯೇ ನಡೆದಳು. ಅಂಗಡಿಯ ಮುಂದೆ ಕೆಸರು ಮೆತ್ತಿದ ಮೋಟಾರುಗಳು ಸಾಲಾಗಿ ಮಲಗಿದ್ದವು. ಒಳಗೆ ತಿಮ್ಮೇಶ್ ಕುಕ್ಕರಗಾಲಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಕತ್ತೆತ್ತಿ ನೋಡಿದವನ ಕೈ ಹಾಗೇ ನಿಂತಿತು.

"ನೀನಾ?"

"ಒಂದು ವಿಷಯ ಕೇಳ್ಬೇಕಿತ್ತು. ಫೋನಲ್ಲಿ ಆಗ್ಲಿಲ್ಲ."

ಅವನು ಎದ್ದು, ಸ್ಟೂಲನ್ನು ಬಟ್ಟೆಯಿಂದ ಒರೆಸಿ ಮುಂದೆ ತಳ್ಳಿದ. "ಕುಂತ್ಕ. ಟೀ ತರಿಸ್ಲಾ?"

"ಬ್ಯಾಡ್ರಿ."

"ಅಪ್ಪಾರು ಹೆಂಗದಾರೆ?"

"ಚೆನ್ನಾಗದಾರೆ."

ಅವನು ಸ್ವಲ್ಪ ದಪ್ಪಗಾಗಿದ್ದ. ಮತ್ತೆ ಮದುವೆಯಾಗಿದ್ದು, ಮಗು ಹುಟ್ಟಿದ್ದು ಅವಳಿಗೆ ಯಾರಿಂದಲೋ ತಿಳಿದಿತ್ತು. ಸ್ಪ್ಯಾನರುಗಳ ಗೂಡಿನಲ್ಲಿ ಮಗುವಿನ ಒಂದು ಸಣ್ಣ ಟೋಪಿ ಇತ್ತು. ಅವಳು ಬೇರೆ ಕಡೆ ನೋಡಿದಳು.

"ಆವತ್ತು ನೀವು ನಂಗೆ ಫೋನ್ ಮಾಡಿದ್ರಲ್ಲ, ಡಿಸೆಂಬರಲ್ಲಿ. ಎಷ್ಟೊತ್ತು ಮಾತಾಡಿದ್ವಿ? ನಿಮಿಗೆ ನೆನಪೈತಾ?"

ತಿಮ್ಮೇಶನ ಮುಖ ಬಿಗಿಯಾಯಿತು. "ಈಗ್ಯಾಕೆ ಅದು ಶಾಂತಿ? ಎಲ್ಲ ಮುಗುದೋಗೈತೆ."

"ಅದಕ್ಕಲ್ಲ ರೀ. ಲ್ಯಾಬಿನ ಕೆಲ್ಸ. ನಿಜವಾಗ್ಲೂ."

ಅಷ್ಟರಲ್ಲಿ ಹೊರಗಿಂದ, "ಲೇ ತಿಮ್ಮೇಶ, ನಮ್ಮ ಮೋಟ್ರು ಆತೇನೋ?" ಎಂದು ಜುಂಜಣ್ಣ ಒಳಗೆ ಬಂದ. ಮುದುಕ ತಿಮ್ಮೇಶನ ಬೀದಿಯವನೇ. ಅವಳು ಮದುವಣಗಿತ್ತಿಯಾಗಿ ಬಂದಾಗ ಎದುರು ನಿಂತು ನಗಿಸಿದವನು. ಅವಳನ್ನು ಕಂಡು ಗಕ್ಕನೆ ನಿಂತ. "ಚೆನ್ನಾಗಿದೀಯೇನಮ್ಮ?" ಎಂದ. ಉತ್ತರಕ್ಕೂ ಕಾಯದೆ, "ಸಂಜಿಕೆ ಬತ್ತೀನಿ ಬಿಡಪ್ಪ," ಎನ್ನುತ್ತ ಹೊರಟುಹೋದ.

ಇಬ್ಬರೂ ಅವನು ರಸ್ತೆ ದಾಟುವವರೆಗೆ ನೋಡಿದರು.

"ಅಂಗಡೀಲಿ ಹಿಂಗೇ ಜನ ಬರ್ತಾರೆ ಅಂತ ಆವತ್ತು ಕೆರೆ ಏರಿಗೆ ಹೋಗಿ ಮಾಡಿದ್ದೆ," ಎಂದ ತಿಮ್ಮೇಶ್, ತಂತಿಯ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತ. "ಮಧ್ಯಾಹ್ನ ತ್ರೀ ಫೇಸ್ ಕರೆಂಟು ಹೋಗಿತ್ತು, ಕೆಲ್ಸ ಇರ್ಲಿಲ್ಲ. ಟೀ ಕುಡ್ದು ಹೋದೆ."

"ಶುರುವಾಗಿದ್ದು ನಂಗೊತ್ತು. ಮೂರೂ ಇಪ್ಪತ್ತೆರಡು. ಮುಗ್ದಿದ್ದು ಯಾವಾಗ?"

"ಸ್ಕೂಲ್ ಬಿಟ್ಟಿತ್ತು. ಹುಡುಗ್ರು ಸೈಕಲ್ ತಗಂಡು ಏರಿ ಮ್ಯಾಲೆ ಬಂದ್ವು. ಅವುಗಳ ಮುಂದೆ ಕಣ್ಣೀರು ಹಾಕ್ಕಂಡು ನಿಂತ್ಕಳಾದು ಹೆಂಗೆ ಅಂತ ಫೋನ್ ಇಟ್ಟೆ. ನಾಲ್ಕೂ ಹತ್ತಕ್ಕೆ ಲಾಂಗ್ ಬೆಲ್ ಹೊಡೀತಾರೆ. ನಾಲ್ಕೂ ಕಾಲು ಆಗಿತ್ತು ಅನ್ಕ."

"ಇಲ್ಲ. ನೀವು ಬೇಗ ಇಟ್ರಿ. ಇಪ್ಪತ್ತು ನಿಮಿಷ, ಅಷ್ಟೆ."

"ಮಾತಾಡಿದ್ದು ಅಷ್ಟೇ." ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಆಮ್ಯಾಲೆ ಸುಮ್ನೆ ಇದ್ವಲ್ಲ. ನೀನು ಏನೂ ಮಾತಾಡ್ಲಿಲ್ಲ. ಉಸ್ರು ಮಾತ್ರ ಕೇಳ್ತಿತ್ತು. ಕಟ್ ಮಾಡ್ತೀಯೇನೋ ಅಂತ ನೋಡ್ದೆ, ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ."

ಶಾಂತಿಗೆ ಅದರ ಒಂದು ಚೂರೂ ನೆನಪಿರಲಿಲ್ಲ. ಕಾರಿಡಾರಿನ ಕಿಟಕಿ, ಹೊರಗೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು, ಕಿವಿಗೆ ಒತ್ತಿಕೊಂಡಿದ್ದ ಬಿಸಿ ಫೋನು, ಇಷ್ಟೇ. ಆ ಕಡೆ ಅವನು ಏರಿಯ ಮೇಲೆ ನಿಂತಿದ್ದನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಳುತ್ತಿದ್ದನೆಂದೂ. ಇಪ್ಪತ್ತು ನಿಮಿಷಕ್ಕೆ ಮುಗಿಸಿದನೆಂಬುದೇ ಎರಡು ವರ್ಷ ಅವಳು ಅವನ ಮೇಲೆ ಹೊರಿಸಿದ್ದ ಒಂದೇ ಒಂದು ತಪ್ಪು. ಅದೂ ಅವನು ಮಾಡಿದ ತಪ್ಪಲ್ಲ ಎಂದಾಯಿತು. ಈಗ ಸಿಟ್ಟು ಮಾಡಿಕೊಳ್ಳಲು ಏನೂ ಉಳಿಯಲಿಲ್ಲ. ಸಿಟ್ಟಿದ್ದಷ್ಟು ದಿನ ಒಂದು ಜೊತೆಯಿದ್ದಂತಿತ್ತೆಂದು ಆ ಸ್ಟೂಲಿನ ಮೇಲೆ ಕೂತಾಗ ಅವಳಿಗೆ ಹೊಳೆಯಿತು.

"ಅದು ಲ್ಯಾಬಿಗೆ ಯಾಕೆ ಬೇಕು?" ಎಂದು ಕೇಳಿದ ತಿಮ್ಮೇಶ್.

ಅವಳು ಹೇಳಿದಳು. ಬೆಂಚಿನ ಮೇಲಿದ್ದ ಹಳೆಯ ಪೇಪರಿನ ಅಂಚಿನಲ್ಲಿ ಗಾಜು ಬರೆದು, ಅದರ ಮೇಲೆ ಪದರ ಬರೆದು, ಬೆಳಕು ಕೊಟ್ಟಿದ್ದನ್ನು ಒಂದು ವಸ್ತು ಹೇಗೆ ಹಿಡಿಯುತ್ತದೆ, ಇನ್ನೊಂದು ಹೇಗೆ ಸಾಗಿಸುತ್ತದೆ, ಬೇಗ ಒಣಗಿಸಿದರೆ ಎರಡೂ ಕಲಸುಮೇಲೋಗರವಾಗಿ ಕರೆಂಟು ದಾರಿಯಲ್ಲೇ ಹೇಗೆ ಸತ್ತುಹೋಗುತ್ತದೆ ಎಂದು ವಿವರಿಸಿದಳು. ಅವನು ಬಗ್ಗಿ, ಚಿತ್ರದ ಮೇಲೆ ಬೆರಳಿಟ್ಟು ಕೇಳಿಸಿಕೊಂಡ.

"ವಾರ್ನಿಷ್ ಇದ್ದಂಗೆ," ಎಂದ. "ಕಾಯಿಲ್‌ಗೆ ವಾರ್ನಿಷ್ ಹಾಕಿ ಅವಸರಕ್ಕೆ ಕಾಯಿಸಿದ್ರೆ ಮ್ಯಾಲೆ ಒಣಗ್ತೈತೆ, ಒಳಗೆ ಹಸಿ ಉಳ್ಕಂತೈತೆ. ಆರ್ತಿಂಗ್ಳಿಗೆ ಸುಡ್ತದೆ."

"ಹೆಚ್ಚೂ ಕಮ್ಮಿ ಹಂಗೇ."

"ಇಷ್ಟು ದಿನ ಇದನ್ನೇ ಮಾಡ್ತಿದ್ದೇನು?"

"ಇದನ್ನೇ."

ಏಳು ವರ್ಷದಲ್ಲಿ ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಇವರಿಗೇನು ತಿಳಿಯುತ್ತದೆ ಎಂದುಕೊಂಡಿದ್ದಳು ಅವಳು. ಕೇಳಿದರೆ ನಕ್ಕಾಳು ಎಂದುಕೊಂಡಿದ್ದನೇನೋ ಅವನು. ಹತ್ತು ನಿಮಿಷಕ್ಕೆ ಅರ್ಥವಾಗುವ ವಿಷಯವಾಗಿತ್ತು.

ಅವನ ಫೋನ್ ಬಡಿದುಕೊಂಡಿತು. ಹೆಣ್ಣುಧ್ವನಿ ಊಟಕ್ಕೆ ಕರೆಯುತ್ತಿತ್ತು, ಹಿಂದೆ ಮಗುವೊಂದು ಅಳುತ್ತಿತ್ತು. "ಬರ್ತೀನಿ, ಗಿರಾಕಿ ಬಂದಾರೆ," ಎಂದ ತಿಮ್ಮೇಶ್. ಹೇಳಿದ ಮೇಲೆ ಅವಳ ಮುಖ ನೋಡಲಾರದೆ ಪೇಪರಿನ ಚಿತ್ರವನ್ನೇ ನೋಡಿದ.

ಶಾಂತಿ ಎದ್ದಳು. "ಹೊರಡ್ತೀನಿ ರೀ."

"ಬಸ್ಸಿಗೆ ಬಿಟ್ಟು ಬರ್ಲಾ?"

"ಬ್ಯಾಡ. ಊಟಕ್ಕೆ ಹೋಗ್ರಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೂರು ಇಪ್ಪತ್ತೆರಡರಿಂದ ನಾಲ್ಕು ಹದಿನೈದು, ಐವತ್ಮೂರು. ಕಾರಿಡಾರಿನಿಂದ ಒಳಗೆ ಬಂದು, ಕೈಗವಸಿಗೆ ಕೈ ಹಾಕಿ, ಮುಚ್ಚಳ ತೆಗೆಯಲು ಇನ್ನೆರಡು. ಐವತ್ತೈದು ಎಂದು ಟಿಕೆಟಿನ ಹಿಂದೆ ಬರೆದುಕೊಂಡಳು. ಬರೆದ ಮೇಲೆ ದುರ್ಗ ಬರುವವರೆಗೂ ಅತ್ತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಮಡಿಲಿಗೆಳೆದುಕೊಂಡು ಜಾಗ ಬಿಟ್ಟುಕೊಟ್ಟಳು.

ಮಾರನೇ ದಿನ ಮೂರನೇ ಗಾಜು ಹಚ್ಚುವಾಗ ಹುಮೇರಾ ಜೊತೆಯಲ್ಲಿದ್ದಳು. ಲ್ಯಾಬಿನ ಗಾಜುಗಳನ್ನೆಲ್ಲ ಊರೊಳಗಿನ ತಮ್ಮ ಅಂಗಡಿಯಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಿಕೊಡುತ್ತಿದ್ದ ಅಬ್ದುಲ್ ರಶೀದರ ಮಗಳು ಅವಳು. ಆ ಅಂಗಡಿಯಲ್ಲಿ ಆಡಿಕೊಂಡೇ ಬೆಳೆದವಳು. ಶಾಂತಿ ತಟ್ಟೆಯಲ್ಲಿ ನಾಲ್ಕು ಹನಿ ದ್ರಾವಕ ಬಿಟ್ಟು, ಗಾಜಿಟ್ಟು, ಮುಚ್ಚಳ ಮುಚ್ಚಿದಳು.

"ಎಷ್ಟೊತ್ತು ಶಾಂತಕ್ಕ?"

"ಐವತ್ತೈದು."

"ಅಷ್ಟು ಸರಿಯಾಗಿ ಹೆಂಗ್ ಗೊತ್ತಾಯ್ತು?"

ಶಾಂತಿ ಕೈಗವಸಿನಿಂದ ಕೈ ತೆಗೆದಳು. ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. "ಆವತ್ತು ಫೋನ್ ಮಾಡಿದ್ದು ನಮ್ಮೆಜಮಾನ್ರು," ಎಂದಳು. "ಬೇರೆ ಆಗಾಣ ಅಂತ ಹೇಳೋಕೆ. ಬೇರೆಯಾಗಿ ಎರಡು ವರ್ಷ ಆಯ್ತು ಹುಮೇರಾ. ನಿಂಗೆ ಸುಳ್ಳು ಹೇಳ್ತಾ ಬಂದೆ."

ಹುಮೇರಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ಆಮೇಲೆ, "ಹಬ್ಬಕ್ಕೆಲ್ಲ ಒಬ್ಬರೇ ಇದ್ರಾ?" ಎಂದಳು.

"ಕೆಂಚಕ್ಕ ಇರ್ತಾರಲ್ಲ."

"ಹೇಳಿದ್ರೆ ನಮ್ಮನೇಗೆ ಕರ್ಕಂಡೋಗ್ತಿದ್ದೆ."

"ಗೊತ್ತು. ಅದಕ್ಕೇ ಹೇಳ್ಲಿಲ್ಲ."

ಉಳಿದ ಹೊತ್ತು ಇಬ್ಬರೂ ಗಡಿಯಾರ ನೋಡುತ್ತ ಕೂತರು.

ಗಾಜು 14.3 ಕೊಟ್ಟಿತು. ಎರಡು ದಿನ ಬಿಟ್ಟು ಕೊನೆಯ ಪುಡಿಯಲ್ಲಿ ಮಾಡಿದ್ದು 14.5. ಶ್ರೀನಿವಾಸ್ ದೀಪವನ್ನು ಬದಲಾಯಿಸಿ ತಾವೇ ಇನ್ನೊಮ್ಮೆ ಅಳೆದರು. ಅಂಕಿ ಅಲ್ಲಾಡಲಿಲ್ಲ. ಆ ಮಿತಭಾಷಿ ಮನುಷ್ಯ ಕಾರಿಡಾರಿನಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ, "ಹದಿನಾಲ್ಕೂವರೆ ಕಣ್ರೀ, ನಮ್ಮದೇ ಪುಡಿ!" ಎಂದು ಹೇಳಿದರು. ಪ್ರಬಂಧದ ಕರಡಿನಲ್ಲಿ ಅವಧಿಯ ಬಗ್ಗೆ ಒಂದೇ ಸಾಲಿತ್ತು: ಪ್ರಯೋಗದಿಂದ ಕಂಡುಕೊಂಡದ್ದು. ಶಾಂತಿ ಅದನ್ನು ಎರಡು ಸಲ ಓದಿ, ತಿದ್ದದೆ ಬಿಟ್ಟಳು. ಫೆಬ್ರವರಿ ಕೊನೆಗೆ ಯೋಜನೆ ಇನ್ನೆರಡು ವರ್ಷ ಮುಂದುವರಿಯುತ್ತದೆಂಬ ಪತ್ರ ಬಂತು.

ಪತ್ರ ಬಂದ ದಿನ ಅವಳು ತಿಮ್ಮೇಶನಿಗೆ, "ನೀವು ಹೇಳಿದ್ದು ಸರಿಯಾಗಿತ್ತು. 14.5 ಬಂತು" ಎಂದು ಮೆಸೇಜ್ ಕಳಿಸಿದಳು. ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಒಳ್ಳೇದಾಯ್ತು." ಅದರ ಕೆಳಗೆ ಇನ್ನೇನೋ ಬರೆಯುತ್ತಿರುವಂತೆ ಸ್ವಲ್ಪ ಹೊತ್ತು ತೋರಿಸಿ, ನಿಂತುಹೋಯಿತು. ಅವಳು ಫೋನನ್ನು ಚೀಲಕ್ಕೆ ಹಾಕಿದಳು.

ಅಂದು ಮನೆಗೆ ಬೇಗ ಬಂದಳು. ಕೆಂಚಕ್ಕ ಹೊರಬಾಗಿಲ ಮೆಟ್ಟಿಲ ಮೇಲೆ ಮೊರದಲ್ಲಿ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದಳು.

"ಏನವ್ವಾ, ಇವತ್ತು ಬಿಸ್ಲಿರಂಗೇ ಬಂದ್ಬಿಟ್ಟೆ?"

"ನಾವು ಮಾಡಿದ್ದು ಗೆಲ್ತು ಕೆಂಚಕ್ಕ. ಕರೆಂಟು ಮೊದಲಿಗಿಂತ ಜಾಸ್ತಿ ಬರ್ತಾ ಐತೆ."

"ಹೌದಾ! ಹಂಗಾರೆ ಅದರಾಗೆ ಲೈಟು ಉರಿತದಾ?"

"ಇಲ್ಲ, ಇನ್ನೂ ಇಲ್ಲ. ಉಗುರಿನಷ್ಟು ಐತೆ ಅಷ್ಟೆ."

"ಆಗ್ತದೆ ಬಿಡು," ಎಂದು ಕೆಂಚಕ್ಕ ಮೊರವನ್ನು ಅವಳತ್ತ ಸರಿಸಿದಳು. "ಕುಂತ್ಕ. ಇದಿಷ್ಟು ಸುಲ್ಕೊಡು, ಒಟ್ಟಿಗೇ ಸಾರು ಮಾಡಾಣ."

ಶಾಂತಿ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಹುಳುಕನ್ನು ಬೇರೆ ಹಾಕುತ್ತ, ಒಳ್ಳೆಯ ಕಾಳನ್ನು ಬಟ್ಟಲಿಗೆ ಬಿಡುತ್ತ, ಬೀದಿಯಲ್ಲಿ ಬಿಸಿಲು ಹೋಗುವವರೆಗೂ ಸುಲಿದಳು. ಕೆಂಚಕ್ಕ ತನ್ನ ತಂಗಿಯ ಮಗಳ ಬಾಣಂತನದ ಕಥೆ ಹೇಳುತ್ತಿದ್ದಳು. ಶಾಂತಿ ಅರ್ಧ ಕೇಳಿಸಿಕೊಂಡಳು, ಅರ್ಧ ಇಲ್ಲ.